ಮೂರನೇ ಗೆರೆಗೆ ಸಿಕ್ಕ ಪಟ್ಟ

ಕ್ಯಾಮೆರಾ ಕೊಂಡ ಮರುದಿನವೇ ಹೊಸಬರ ಕಿವಿಗೆ ಬೀಳುವ ಉಪದೇಶ ಒಂದೇ: ಪರದೆಯ ಮೇಲೆ ಗ್ರಿಡ್ ಹಾಕಿಕೋ, ಗೆರೆಗಳು ಕೂಡುವ ಕಡೆ ಮುಖ್ಯವಾದದ್ದನ್ನು ಇಡು. ಈ 'ರೂಲ್ ಆಫ್ ಥರ್ಡ್ಸ್'ಗೆ ನಮ್ಮ ಫೋಟೊ ಶಿಬಿರಗಳು ಕಟ್ಟಿದ ಪಟ್ಟ ಅದರ ಯೋಗ್ಯತೆಗೆ ಮೀರಿದ್ದು. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ನಿಸರ್ಗಚಿತ್ರ ಬರೆಯುವವರಿಗೆ ಹೇಳಿದ ಮಾತದು. ಕುಂಚ ಹಿಡಿದವನು ಬೆಳಕನ್ನು ತನಗೆ ಬೇಕಾದಷ್ಟು ಬಳಿದುಕೊಳ್ಳಬಲ್ಲ. ಕ್ಯಾಮೆರಾ ಹಿಡಿದವನಿಗೆ ಆ ಸವಲತ್ತು ಇಲ್ಲ.

ಕೊಡೇಕಲ್ ಸೀಮೆಯ ರಾಜನಕೋಳೂರಿನಲ್ಲಿ ಇದು ನನಗೆ ಮನದಟ್ಟಾಯಿತು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹೊರಲೋಕಕ್ಕೆ ತೋರಿಸಿಕೊಟ್ಟ ಕಲ್ಲುಮನೆಗಳು ಅಲ್ಲಿವೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚಿದ ಚಪ್ಪಡಿ, ನಾಲ್ಕನೆಯ ಕಡೆ ತೆರೆದ ಬಾಯಿ. ಆ ಬಾಯಿಯ ಮುಂದೆ ಬಿಳಿ ರುಮಾಲು ಸುತ್ತಿದ ಹಿರಿಯರೊಬ್ಬರು ಕೂತಿದ್ದರು. ನನ್ನ ಜೊತೆಗಿದ್ದ ಹುಡುಗ ಅವರನ್ನು ಬಲಗಡೆಯ ಗೆರೆಗೆ ಸರಿಯಾಗಿ ಕೂರಿಸಿ ಕ್ಲಿಕ್ಕಿಸಿದ. ಪಾಠದ ಪ್ರಕಾರ ತಪ್ಪೇ ಇಲ್ಲ. ಆದರೆ ರುಮಾಲಿನ ಮಡಿಕೆಗಳೆಲ್ಲ ಅಳಿಸಿಹೋಗಿ, ತಲೆಯ ಮೇಲೆ ಬರೀ ಕಾಗದದ ಚೂರು ಅಂಟಿಸಿದಂತಿತ್ತು.

ಆದದ್ದಿಷ್ಟು. ಕ್ಯಾಮೆರಾದೊಳಗಿನ ಮೀಟರಿಗೆ ರುಮಾಲೂ ಗೊತ್ತಿಲ್ಲ, ಕತ್ತಲೆಯೂ ಗೊತ್ತಿಲ್ಲ. ಎದುರಿಗೆ ಬಂದದ್ದನ್ನು ನಡುಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಚೌಕಟ್ಟಿನ ಬಹುಪಾಲು ಕಲ್ಲುಮನೆಯ ಕತ್ತಲೆಯೇ ತುಂಬಿದ್ದರಿಂದ ಅದು ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟಿತು. ಐಎಸ್‌ಒ 100, ಅಪರ್ಚರ್ ಎಫ್/8 ಇಟ್ಟು ಅಳೆದು ನೋಡಿದೆವು. ಹೊರಗಿನ ಬಿಸಿಲಿಗೆ ಸೆಕೆಂಡಿನ 400ನೇ ಒಂದು ಭಾಗ ಸಾಕು, ಒಳಗಿನ ಕತ್ತಲೆಗೆ 6ನೇ ಒಂದು ಭಾಗ ಬೇಕು. ಸುಮಾರು ಆರು ಸ್ಟಾಪ್, ಅಂದರೆ 64 ಪಟ್ಟು ಅಂತರ. ಹುಡುಗ ಹತ್ತಿರ ಹೋಗಿ ರುಮಾಲೇ ತುಂಬುವಂತೆ ಹಿಡಿದಾಗ ಎಲ್ಲ ತಿರುಗುಮುರುಗಾಯಿತು: ಬಟ್ಟೆ ಮಂಕಾಯಿತು, ಮುಖ ಕಪ್ಪಿಟ್ಟಿತು. ಹಿರಿಯರು ಪರದೆ ನೋಡಿ, "ತಮ್ಮಾ, ನನ್ನ ರುಮಾಲಕ್ಕ ಧೂಳ ಬಿದ್ದೈತೇನು?" ಅಂದರು. ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಯಾವ ಸಲಾನ್ ತೀರ್ಪುಗಾರರಿಂದಲೂ ಕೇಳಿಲ್ಲ. ಮೊದಲ ಚಿತ್ರಕ್ಕೆ ಒಂದೂವರೆ ಸ್ಟಾಪ್ ಇಳಿಸಬೇಕಿತ್ತು, ಎರಡನೆಯದಕ್ಕೆ ಒಂದು ಸ್ಟಾಪ್ ಏರಿಸಬೇಕಿತ್ತು. ಎರಡಕ್ಕೂ ಬೇಕಾದದ್ದು ಪ್ಲಸ್-ಮೈನಸ್ ಗುರುತಿನ ಒಂದೇ ಗುಂಡಿ. ಯಾವ ಪಾಠದಲ್ಲೂ ಅದಕ್ಕೆ ಅರ್ಧ ಪುಟಕ್ಕಿಂತ ಹೆಚ್ಚು ಜಾಗ ಸಿಗುವುದಿಲ್ಲ.

ಗೆರೆಯ ನಿಯಮದಿಂದ ಉಪಯೋಗ ಇಲ್ಲವೆನ್ನಲಾರೆ. ನಾರಾಯಣಪುರದ ಬಸವಸಾಗರದ ನೀರು ತೆಗೆಯುವಾಗ ದಿಗಂತ ಚಿತ್ರವನ್ನು ನಡುವೆ ಸೀಳದಂತೆ ಅದು ಕಾಯುತ್ತದೆ. ಅಷ್ಟು ಸಾಕು.

ಇನ್ನು ಕೆಲವು ವಿಮರ್ಶಕರಿದ್ದಾರೆ. "ಸೆಟಿಂಗು ಯಂತ್ರದ ಮಾತು, ಕಣ್ಣೇ ಮುಖ್ಯ" ಎನ್ನುತ್ತಾರೆ. ಕೇಳಲು ಇಂಪಾದ ಈ ಮಾತು ಕಲಿಯುವವನ ಕೈ ಕಟ್ಟುತ್ತದೆ. ರುಮಾಲಿನ ಮಡಿಕೆ ಕಂಡದ್ದು ಕಣ್ಣಿಗೇ; ಅದನ್ನು ಉಳಿಸಿಕೊಳ್ಳಲಾಗದೆ ಹೋದದ್ದು ಕೈ. ಕಣ್ಣನ್ನೂ ಕೈಯನ್ನೂ ಹೀಗೆ ಬೇರೆ ಮಾಡುವವರು ಬೆಳಕಿನ ಲೆಕ್ಕವನ್ನು ಕೀಳಾಗಿ ಕಾಣುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಿಕೊಳ್ಳಬಹುದಲ್ಲ ಎಂಬುದು ಇವರದೇ ಇನ್ನೊಂದು ಸಮಾಧಾನ. ಪೂರ್ತಿ ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಸರಿ ಮಾಡಲು ಏನೂ ಉಳಿದಿರುವುದಿಲ್ಲ.

ಹುಡುಗ ಕೊನೆಗೆ ಹಿರಿಯರನ್ನು ಚೌಕಟ್ಟಿನ ನಟ್ಟನಡುವೆ, ಕಲ್ಲಿನ ಬಾಯಿಗೆ ನೇರವಾಗಿ ಕೂರಿಸಿ, ಒಂದೂವರೆ ಸ್ಟಾಪ್ ಇಳಿಸಿ ತೆಗೆದ. ಅವತ್ತಿನ ಒಳ್ಳೆಯ ಚಿತ್ರ ಅದೇ. ಕಲಿಸುವವರಲ್ಲಿ ನನ್ನ ಕೋರಿಕೆ: ಮೊದಲ ವಾರ ಗ್ರಿಡ್ ತೆಗೆಸಿ, ಮಧ್ಯಾಹ್ನದ ಬಿಸಿಲಲ್ಲಿ ಒಂದು ಬಿಳಿ ರುಮಾಲನ್ನು ತೆಗೆಯಲು ಹೇಳಿ.