ಟ್ಯಾಂಕಿನ ನೀರು ಎಲ್ಲಿಯದು?

ಮೇ ತಿಂಗಳಲ್ಲಿ ಗಾಳಿಗೆ ನೀರು ಬೆರೆಸಲು ಒಂದು ಯಂತ್ರ, ಆಗಸ್ಟಿನಲ್ಲಿ ಅದೇ ಗಾಳಿಯಿಂದ ನೀರು ಹಿಂಡಲು ಇನ್ನೊಂದು: ಹೈದರಾಬಾದಿನ ಕೆಲವು ಮನೆಗಳಲ್ಲಿ ಈಗ ಎರಡೂ ಇವೆ. ಮೊದಲನೆಯದು ಹಳೆಯ ಪರಿಚಯ, ಲಾವಂಚದ ತಡಿಕೆಯ ಏರ್ ಕೂಲರ್. ಎರಡನೆಯದು ಡಿಹ್ಯೂಮಿಡಿಫೈಯರ್. ಕೊಂಡಾಪುರ, ಮಣಿಕೊಂಡದ ಫ್ಲಾಟುಗಳವರ ಬಾಯಲ್ಲಿ ಮೊದಲು ಕೇಳಿದ ಈ ಹೆಸರು ಈಚೆಗೆ ಕಾಚಿಗುಡ, ಬರ್ಕತ್‌ಪುರದ ಹಳೆಯ ಕನ್ನಡ ಮನೆಗಳ ಮಾತಿನಲ್ಲೂ ನನ್ನ ಕಿವಿಗೆ ಬೀಳುತ್ತಿದೆ. ಕಪಾಟು ತೆಗೆದರೆ ಮುಗ್ಗಲು ವಾಸನೆ, ಚರ್ಮದ ಬೆಲ್ಟಿನ ಮೇಲೆ ಬೂಷ್ಟು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಕಲೆ. ದೂರು ಹಳೆಯದು, ಮದ್ದು ಮಾತ್ರ ಹೊಸದು.

ಈ ಊರಿಗೆ ಇಂಥ ಯಂತ್ರ ಬೇಕೇ ಎಂದರೆ ಮಂಗಳೂರಿನವರು ನಗಬಹುದು. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಇಲ್ಲಿ ವರ್ಷವಿಡೀ ಬೀಳುವುದಿಲ್ಲ. ಹೈದರಾಬಾದಿನ ಪಾಲು ಸುಮಾರು 800 ಮಿಲಿಮೀಟರ್. ಆದರೆ ಮೇ ಮಧ್ಯಾಹ್ನ ಶೇ. 30ರ ಕೆಳಗಿರುವ ಗಾಳಿಯ ತೇವ ಆಗಸ್ಟಿನ ಬೆಳಗ್ಗೆ ಶೇ. 80ರ ಆಸುಪಾಸಿಗೆ ಏರುತ್ತದೆ. ಕರಾವಳಿಯ ಮನೆ ತೇವವನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದು. ದಖ್ಖನಿನ ಮನೆಯ ಲೆಕ್ಕ ಪೂರ್ತಿ ಬಿಸಿಲಿನದು; ಹಾಗಾಗಿ ಜುಲೈಯಿಂದ ಅಕ್ಟೋಬರ್ ಮೊದಲವರೆಗೆ ಅದು ತಬ್ಬಿಬ್ಬಾಗುತ್ತದೆ. ಬೇಡಿಕೆ ಸುಳ್ಳಲ್ಲ, ಅಷ್ಟು ಒಪ್ಪೋಣ. ಅದನ್ನು ಪೂರೈಸುವ ಕ್ರಮವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು.

ಯಂತ್ರದ ಒಳಗೆ ನಿಗೂಢವಾದದ್ದೇನೂ ಇಲ್ಲ. ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಂಡು ತಣ್ಣನೆಯ ಸುರುಳಿಯ ಮೇಲೆ ಹಾಯಿಸುತ್ತದೆ. ಆವಿ ಹನಿಗಟ್ಟಿ ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. ಒಣಗಿದ ಗಾಳಿ ಬಿಸಿ ಸುರುಳಿಯನ್ನು ದಾಟಿ ಮತ್ತೆ ಕೋಣೆಗೇ ಬರುತ್ತದೆ. ಅರ್ಧ ಏಸಿ ಎನ್ನಿ. ಇತಿಹಾಸ ಕೇಳಿದರೆ ಏಸಿಯೇ ಇದರ ಮಗು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ವ್ಯವಸ್ಥೆ ರೂಪಿಸಿದ್ದು ಕೆಲಸಗಾರರನ್ನು ತಂಪಾಗಿಡಲು ಅಲ್ಲ. ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಅದನ್ನು ನಿಲ್ಲಿಸುವುದು ಅವನಿಗೆ ಒಪ್ಪಿಸಿದ ಕೆಲಸ. ಮನುಷ್ಯರಿಗೆ ತಂಪು ಸಿಕ್ಕಿದ್ದು ಆಮೇಲೆ. ಇಂಥ ವ್ಯವಸ್ಥೆ ನಡೆಯಬೇಕಾದರೆ ಕಿಟಕಿ ಬಾಗಿಲು ಮುಚ್ಚಿರಬೇಕು ಎಂಬುದನ್ನು ಇಲ್ಲಿ ಮರೆಯಬಾರದು. ಈ ಯಂತ್ರದ ಒಂದೇ ಒಂದು ಷರತ್ತು ಅದು.

ನಮ್ಮ ಮನೆಗಳು ಒಪ್ಪದ ಷರತ್ತೂ ಅದೇ. ಹನ್ನೆರಡಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತದೆ. 27 ಡಿಗ್ರಿಯಲ್ಲಿ ಅದರ ತೇವವನ್ನು ಶೇ. 80ರಿಂದ 55ಕ್ಕೆ ಇಳಿಸಲು ತೆಗೆಯಬೇಕಾದ ನೀರು ಎಷ್ಟು? ಕಾಲು ಲೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದರೂ ಯಂತ್ರ ಕೊಂಡವರು ಬೆಳಗ್ಗೆ ಎದ್ದು ನಾಲ್ಕು ಲೀಟರಿನ ಟ್ಯಾಂಕು ತುಂಬಿರುವುದನ್ನು ಮೊಬೈಲಿನಲ್ಲಿ ಹಿಡಿದು ತೋರಿಸುತ್ತಾರೆ: "ನೋಡಿ, ಇಷ್ಟು ನೀರು ನಾವು ಉಸಿರಾಡುತ್ತಿದ್ದೆವು!" ಉಸಿರಾಡುತ್ತಿದ್ದದ್ದು ಕಾಲು ಲೀಟರು. ಉಳಿದದ್ದರಲ್ಲಿ ಸ್ವಲ್ಪ ಹಾಸಿಗೆ, ಪುಸ್ತಕ, ಗೋಡೆಗಳು ಬಿಟ್ಟುಕೊಟ್ಟದ್ದು. ಬಹುಪಾಲು ಬಾಗಿಲ ಸಂದಿಯಿಂದ, ಬಚ್ಚಲಿನ ವೆಂಟಿಲೇಟರಿನಿಂದ, ಸೊಳ್ಳೆ ಪರದೆಯ ಕಿಟಕಿಯಿಂದ ಒಳಬಂದ ಹೊರಗಿನ ಗಾಳಿಯದು. ಹಾಲಿನಲ್ಲಿ ಯಂತ್ರವಿಟ್ಟು ಬಾಲ್ಕನಿ ಬಾಗಿಲು ತೆರೆದಿಟ್ಟವರು ಒಣಗಿಸುತ್ತಿರುವುದು ತಮ್ಮ ಮನೆಯನ್ನಲ್ಲ, ಸೈಬರಾಬಾದನ್ನು. ಟ್ಯಾಂಕು ತುಂಬಿದಷ್ಟೂ ಯಂತ್ರ ಚೆನ್ನಾಗಿದೆ ಎಂಬ ನಂಬಿಕೆ ತಲೆಕೆಳಗಾದದ್ದು. ಸರಿಯಾಗಿ ಮುಚ್ಚಿದ ಕೋಣೆಯಲ್ಲಿ ಕೆಲವು ದಿನ ಕಳೆದ ಮೇಲೆ ನೀರು ಕಡಿಮೆಯಾಗುತ್ತ ಬರಬೇಕು. ಬಾರದಿದ್ದರೆ ನೀರಿಗೆ ಬೇರೆಲ್ಲೋ ದಾರಿ ಇದೆ.

ಯಂತ್ರ ಮಾರುವವರು ಶಾಖದ ವಿಷಯವನ್ನು ಹೇಳುವುದಿಲ್ಲ. ಆವಿ ಹನಿಗಟ್ಟಿ ಒಂದು ಲೀಟರ್ ನೀರಾಗುವಾಗ ಸುಮಾರು 0.68 ಯುನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬೀಳುತ್ತದೆ. ಯಂತ್ರ ತಿನ್ನುವ ಕರೆಂಟೂ ಕೊನೆಗೆ ಶಾಖವೇ. ಎರಡೂ ಕೋಣೆಯಲ್ಲೇ ಉಳಿಯುತ್ತವೆ. ಲಂಡನ್ನಿನ ಚಳಿಗಾಲದಲ್ಲಿ, ಅಮೆರಿಕದ ತಣ್ಣನೆಯ ನೆಲಮಾಳಿಗೆಯಲ್ಲಿ ಇದು ಬೋನಸ್ಸು. ಆಗಸ್ಟಿನ ಹೈದರಾಬಾದಿನಲ್ಲಿ ಸೆಕೆ. ಮುಚ್ಚಿದ ಕೋಣೆ ಎರಡು ಮೂರು ಡಿಗ್ರಿ ಏರುವುದು ಸಾಮಾನ್ಯ. ಇದರಲ್ಲೊಂದು ಕಣ್ಕಟ್ಟೂ ಅಡಗಿದೆ. 27 ಡಿಗ್ರಿಯಲ್ಲಿ ಶೇ. 80 ತೇವವಿರುವ ಗಾಳಿಯನ್ನು ಒಂದು ಹನಿ ನೀರೂ ತೆಗೆಯದೆ 30 ಡಿಗ್ರಿಗೆ ಕಾಯಿಸಿ ನೋಡಿ, ಮೀಟರು ಸುಮಾರು ಶೇ. 67 ತೋರಿಸುತ್ತದೆ. ಗೆದ್ದೆವೆಂದು ನಾವು ಹಿಗ್ಗುವ ಅಂಕಿಯಲ್ಲಿ ಒಂದು ಪಾಲು ಬರಿಯ ಬಿಸಿಯದು. ಅಗ್ಗದ ಡಿಜಿಟಲ್ ಮೀಟರುಗಳು ಶೇ. 5ರಷ್ಟು ಆಚೀಚೆ ತೋರಿಸುತ್ತವೆಂಬುದು ಬೇರೆ ಮಾತು.

ಡಬ್ಬಿಯ ಮೇಲಿನ ಅಂಕಿಯೂ ಹೀಗೆಯೇ. 'ದಿನಕ್ಕೆ 20 ಲೀಟರ್' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ತೇವದಲ್ಲಿ ಅಳೆದದ್ದು. ನಮಗೆ ಬೇಕಾದ 27 ಡಿಗ್ರಿ, ಶೇ. 60ರ ಹತ್ತಿರ ಬಂದರೆ ಅದೇ ಯಂತ್ರ ಅರ್ಧಕ್ಕೆ ಇಳಿಯುವುದುಂಟು. ಅಷ್ಟಾದರೂ ಇದನ್ನು ಮೋಸ ಎನ್ನುವಂತಿಲ್ಲ. ಮೋಸಕ್ಕೆ ಹತ್ತಿರವಾದದ್ದು ಮೂರು ನಾಲ್ಕು ಸಾವಿರಕ್ಕೆ ಆನ್‌ಲೈನಿನಲ್ಲಿ ಸಿಗುವ ಹೂಜಿ ಗಾತ್ರದ ಬಿಳಿ ಯಂತ್ರಗಳು. ಅವುಗಳಲ್ಲಿ ಕಂಪ್ರೆಸರ್ ಇಲ್ಲ. ಕರೆಂಟು ಹಾಯಿಸಿದರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆ ಇದೆ. ದಿನಕ್ಕೆ ಕೆಲವು ನೂರು ಮಿಲಿಲೀಟರ್ ತೆಗೆದರೆ ಹೆಚ್ಚು. ಆದರೆ ವಾಷಿಂಗ್ ಮೆಷಿನ್ನಿನಿಂದ ಹಿಂಡಿ ತೆಗೆದ ಒಂದು ಸಲದ ಬಟ್ಟೆಯೇ ಕೋಣೆಯೊಳಗೆ ಒಣಗುವಾಗ ಎರಡು ಮೂರು ಲೀಟರ್ ಬಿಡುತ್ತದೆ. ಜಾಹೀರಾತಿನ ಚಿತ್ರದಲ್ಲಿ ಮಾತ್ರ ಆ ಪುಟ್ಟ ಯಂತ್ರ ದೊಡ್ಡ ಹಾಲಿನ ನಡುವೆ ಸೋಫಾ ಪಕ್ಕದಲ್ಲಿ ರಾಜನಂತೆ ಕೂತಿರುತ್ತದೆ.

ಇಷ್ಟೆಲ್ಲ ಸಹಿಸಿದರೂ ಉಳಿಯುವ ದೊಡ್ಡ ತಕರಾರು ಗೋಡೆಯದು. ಹೈದರಾಬಾದಿನಲ್ಲಿ ಜನ 'ಸೀಲನ್' (ಗೋಡೆಯ ತೇವ) ಎಂದು ಪೇಂಟರನ್ನು ಕರೆಸುವ ಬಹುತೇಕ ಪ್ರಕರಣಗಳಲ್ಲಿ ನೀರು ಗಾಳಿಯಿಂದ ಬಂದದ್ದೇ ಅಲ್ಲ. ಮೇಲಿನ ಮನೆಯ ಬಚ್ಚಲು ಸೋರುತ್ತದೆ, ತಾರಸಿಯ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಗೋಡೆಯೊಳಗಿನ ಪೈಪು ಜಿನುಗುತ್ತದೆ, ಇಲ್ಲವೇ ನೆಲದ ತೇವ ಇಟ್ಟಿಗೆಯ ರಂಧ್ರಗಳಲ್ಲಿ ಮೇಲೇರುತ್ತದೆ. ಗಾಳಿಯ ತೇವ ಮೂಲೆಗಳಲ್ಲಿ, ಕಪಾಟಿನ ಹಿಂದೆ ಚುಕ್ಕಿ ಚುಕ್ಕಿಯಾಗಿ ಕಪ್ಪು ಬೂಷ್ಟು ತರುತ್ತದೆ. ಗೋಡೆಯ ನೀರು ಬಣ್ಣವನ್ನು ಗುಳ್ಳೆ ಎಬ್ಬಿಸಿ, ಬಿಳಿ ಉಪ್ಪನ್ನು ಉದುರಿಸುತ್ತದೆ. ಎರಡನೆಯದಕ್ಕೆ ಯಂತ್ರವಿಟ್ಟರೆ ಹಾನಿ ಹೆಚ್ಚುವುದೂ ಉಂಟು: ಒಳಗಿನ ಗಾಳಿಯನ್ನು ಒಣಗಿಸಿದಷ್ಟೂ ಗೋಡೆ ತನ್ನ ನೀರನ್ನು ಬೇಗ ಬಿಡುತ್ತದೆ, ನೀರಿನ ಜೊತೆ ಬಂದ ಉಪ್ಪು ಗಿಲಾವಿನೊಳಗೇ ಹರಳುಗಟ್ಟಿ ಅದನ್ನು ಸಿಡಿಸುತ್ತದೆ. ಸೋರುವ ನಲ್ಲಿಯ ಕೆಳಗೆ ದುಬಾರಿ ಬಕೆಟ್ಟು ಇಟ್ಟಂತೆ.

ಕಾಚಿಗುಡದ ಹಳೆಯ ಮನೆಗಳ ವಿಷಯದಲ್ಲಿ ನನಗೆ ಬೇಸರ ಹೆಚ್ಚು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಈ ಊರಿನ ಆಡಳಿತಕ್ಕೇ ಸೇರಿದ್ದವು. ಅಲ್ಲಿಂದ ಬಂದು ನೆಲೆಸಿದ ಕುಟುಂಬಗಳಿಗೆ ಗಚ್ಚಿನ ಗೋಡೆ ಹೊಸದಲ್ಲ. ಸುಣ್ಣದ ಗಿಲಾವು ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಯಾವ ಪ್ಲಗ್ಗೂ ಬೇಕಿಲ್ಲದ ವ್ಯವಸ್ಥೆ ಅದು. ಅದರ ಮೇಲೆ ಸಿಮೆಂಟು ಬಳಿದು, ಪುಟ್ಟಿ ಹಚ್ಚಿ, ತೊಳೆಯಬಹುದಾದ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿ, ಗೋಡೆಯ ಉಸಿರು ಕಟ್ಟಿಸಿದ ಮೇಲೆ ಡಿಹ್ಯೂಮಿಡಿಫೈಯರಿಗೆ ಆರ್ಡರ್ ಹೋಗುತ್ತದೆ. ಹೊಸ ಗೋಪುರಗಳ ಕಥೆ ಬೇರೆ. ಅಲ್ಲಿ ಹಲವು ಕಡೆ ಇಟ್ಟಿಗೆಯೇ ಇಲ್ಲ. ಅಲ್ಯುಮಿನಿಯಂ ಅಚ್ಚಿನಲ್ಲಿ ಸುರಿದ ಮೈವಾನ್ ಕಾಂಕ್ರೀಟ್ ಗೋಡೆ ಹೆಚ್ಚು ತೇವ ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ಅಡುಗೆ, ಸ್ನಾನ, ಒದ್ದೆ ಬಟ್ಟೆಗಳ ಆವಿ ಎಲ್ಲ ಗಾಳಿಯಲ್ಲೇ ಸುತ್ತಬೇಕು. ಹೊಸದಾಗಿ ಕೈಗೆ ಬಂದ ಫ್ಲಾಟಿನಲ್ಲಿ ಕಾಂಕ್ರೀಟಿನದೇ ನೀರು ಇನ್ನೂ ಆರಿರುವುದಿಲ್ಲ. ಯಂತ್ರದ ಪರವಾಗಿ ಒಂದು ಮಾತು ಆಡಬೇಕೆಂದರೆ ಈ ಮನೆಗಳ ಮೊದಲ ಮಳೆಗಾಲದ ಬಗ್ಗೆ ಆಡಬಹುದು.

ನೆರೆ ನುಗ್ಗಿದ ಮನೆಗಳ ಬಗ್ಗೆಯೂ ಆಡಬಹುದು. 2020ರ ಅಕ್ಟೋಬರ್ 13ರ ಮಳೆಯಲ್ಲಿ ಟೋಲಿಚೌಕಿಯ ನದೀಮ್ ಕಾಲೊನಿಯಂಥ ಬಡಾವಣೆಗಳು ಮುಳುಗಿದವು. 1908ರ ಮೂಸಿ ಪ್ರವಾಹದ ನಂತರ ವಿಶ್ವೇಶ್ವರಯ್ಯನವರ ಸಲಹೆಯಿಂದ ಬಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನದಿಯನ್ನು ತಡೆಯಲು ಕಟ್ಟಿದಂಥವು. ಕೆರೆಯಂಗಳದಲ್ಲಿ ಮನೆ ಕಟ್ಟಿದವರ ಹೊಣೆಯನ್ನು ಅವು ಹೊತ್ತಿಲ್ಲ. ನೆನೆದ ಗೋಡೆ ಆರಲು ಇಂಚಿಗೊಂದು ತಿಂಗಳು ಎಂದು ಕಟ್ಟಡದವರ ಅಂದಾಜು. ಒಂಬತ್ತಿಂಚಿನ ಗೋಡೆಗೆ ಎಷ್ಟಾಯಿತು ಲೆಕ್ಕ ಹಾಕಿ. ವಿದೇಶಗಳಲ್ಲಿ ನೆರೆ ಇಳಿದ ಮೇಲೆ ದೊಡ್ಡ ಡಿಹ್ಯೂಮಿಡಿಫೈಯರುಗಳನ್ನು ಬಾಡಿಗೆಗೆ ತಂದು ವಾರಗಟ್ಟಲೆ ಓಡಿಸುತ್ತಾರೆ. ಇಲ್ಲಿ ಅಗತ್ಯವಿದ್ದ ಮನೆಗಳಿಗೆ ಅದು ಎಟುಕುವ ವಸ್ತುವಲ್ಲ, ಎಟುಕುವ ಮನೆಗಳು ಹತ್ತನೇ ಮಹಡಿಯಲ್ಲಿವೆ.

ನಾವೇ ತಂದುಕೊಳ್ಳುವ ತೇವವೂ ಕಡಿಮೆಯಲ್ಲ. ಮುಂಗಾರು ಬಂದು ಎರಡು ವಾರವಾದರೂ ಕೂಲರು ಓಡುತ್ತಲೇ ಇರುತ್ತದೆ. ಒಣಗಾಳಿಯಲ್ಲಿ ಅಮೃತದಂತಿದ್ದದ್ದು ಜೂನ್ ಕೊನೆಯಲ್ಲಿ ಬರೀ ಜಿಗುಟು. ಏಸಿಯನ್ನು 18ಕ್ಕೋ 20ಕ್ಕೋ ಇಟ್ಟು ಮಲಗುವವರಿದ್ದಾರೆ. ಆಗಸ್ಟಿನ ಇಲ್ಲಿನ ಗಾಳಿಯ ಆವಿ 22–23 ಡಿಗ್ರಿಯಲ್ಲಿ ಹನಿಗಟ್ಟುತ್ತದೆ. ಏಸಿ ಕೋಣೆಯ ಗೋಡೆ ಅದಕ್ಕಿಂತ ತಣ್ಣಗಾದರೆ ಅದರ ಆಚೆ ಬದಿ, ಪಕ್ಕದ ಕೋಣೆಯ ಕಪಾಟಿನ ಹಿಂದೆ, ರಾತ್ರಿಯಿಡೀ ಬೆವರುತ್ತದೆ. ಬೂಷ್ಟು ಬರುವುದು ಅಲ್ಲಿ. ಏಸಿಯನ್ನು 26ಕ್ಕೆ ಏರಿಸಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದು, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಹದಿನೈದು ಇಪ್ಪತ್ತು ಸಾವಿರದ ಯಂತ್ರದ ಅರ್ಧ ಕೆಲಸ ಆದಂತೆ. ಏಸಿಯ ಡ್ರೈ ಮೋಡ್ ಒತ್ತಿದರೆ ಇನ್ನೂ ಸ್ವಲ್ಪ ಆಗುತ್ತದೆ; ಏಸಿ ತನ್ನ ಶಾಖವನ್ನು ಹೊರಗೆ ಚೆಲ್ಲುತ್ತದೆ ಎಂಬುದೇ ಇಲ್ಲಿ ಅದರ ಮೇಲುಗೈ. ಕಿಟಕಿ ತೆರೆದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಿರಿಯರ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. ತೆರೆದ ಕಿಟಕಿ ಅಡುಗೆಯ, ಬಚ್ಚಲಿನ ಆವಿಯನ್ನು ಹೊರಹಾಕುತ್ತದೆ ನಿಜ, ಆದರೆ ಮನೆಯನ್ನು ಬೀದಿಗಿಂತ ಒಣಗಿಸಲಾರದು. ಆಗಸ್ಟಿನಲ್ಲಿ ಬೀದಿಯೇ ಒದ್ದೆ.

ಹಾಗಾದರೆ ಕೊಳ್ಳಬೇಕಾದವರು ಯಾರು? ಪುಸ್ತಕ, ತಾಳೆಗರಿ, ಕ್ಯಾಮೆರಾ ಲೆನ್ಸು ಇಟ್ಟುಕೊಂಡವರು ಎಂದು ಮೊದಲು ಅನ್ನಿಸುತ್ತದೆ. ಅಲ್ಲೂ ನನ್ನ ಅನುಮಾನವಿದೆ. ಹಳೆಯ ಹಾಳೆಗೆ ಬೇಕಾದದ್ದು ಒಣ ಹವೆಗಿಂತ ಏರಿಳಿಯದ ಹವೆ, ಶೇ. 50ರ ಆಚೀಚೆ ವರ್ಷವಿಡೀ ಒಂದೇ ಸಮ ಇರಲಿ ಎನ್ನುವುದು ಸಂಗ್ರಹಾಲಯಗಳ ರೂಢಿ. ಅತಿ ಒಣಗಿದ ತಾಳೆಗರಿ ಸೀಳುತ್ತದೆ. ಮೇ ತಿಂಗಳಲ್ಲಿ ಹಾಗೇ ಬಿಟ್ಟು ಆಗಸ್ಟಿನಲ್ಲಿ ಯಂತ್ರ ಓಡಿಸುವವರು ಅರ್ಧ ಕಾಯಿಲೆಗೆ ಮಾತ್ರ ಮದ್ದು ಕೊಟ್ಟಂತಾಯಿತು. ಬೆಲೆಬಾಳುವ ವಸ್ತು ನಾಲ್ಕಾದರೆ ಕೋಣೆ ಮುಚ್ಚುವ ಬದಲು ವಸ್ತುವನ್ನೇ ಮುಚ್ಚಿಡಿ: ಛಾಯಾಗ್ರಾಹಕರು ಬಳಸುವ ಡ್ರೈ ಕ್ಯಾಬಿನೆಟ್ಟು ಇಲ್ಲವೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಾಯಿಸಿ ಮರುಬಳಸುವ ಸಿಲಿಕಾ ಜೆಲ್. ಪುಸ್ತಕದ ಕೋಣೆಯೇ ಇದ್ದು, ಅದು ಬಿಸಿಲು ಕಾಣದ ನೆಲಮಹಡಿಯಲ್ಲಿದ್ದರೆ ಮಾತ್ರ ಯಂತ್ರದ ಮಾತು, ಅದೂ ಶೇ. 55ಕ್ಕೆ ನಿಲ್ಲಿಸಿ.

ನಾನು ಎರಡು ಮಾತಿಲ್ಲದೆ ಶಿಫಾರಸು ಮಾಡುವ ಉಪಯೋಗ ಒಂದೇ, ಬಟ್ಟೆ ಒಣಗಿಸುವುದು. ಅಡುಗೆಮನೆಗೆ ಹೊಂದಿದ ಯುಟಿಲಿಟಿಯನ್ನೋ ಖಾಲಿ ಸ್ಟೋರ್ ರೂಮನ್ನೋ ಮುಚ್ಚಿ, ಸ್ಟ್ಯಾಂಡಿನ ಮೇಲೆ ಬಟ್ಟೆ ಹರಡಿ, ದಿನಕ್ಕೆ ಹತ್ತು ಹನ್ನೆರಡು ಲೀಟರಿನ ಚಿಕ್ಕ ಯಂತ್ರ ಹಚ್ಚಿದರೆ ರಾತ್ರಿ ಕಳೆಯುವುದರೊಳಗೆ ಜೀನ್ಸೂ ಒಣಗುತ್ತದೆ. ಕೋಣೆ ಚಿಕ್ಕದು, ಮುಚ್ಚಿದ್ದು. ಬಿಸಿ ಇಲ್ಲಿ ಕಾಟ ಕೊಡುವ ಬದಲು ಕೆಲಸಕ್ಕೆ ಬರುತ್ತದೆ. ಸದ್ದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಖರ್ಚು ಎರಡು ಯುನಿಟ್ಟಿನ ಆಸುಪಾಸು. ಮಳೆಗಾಲದಲ್ಲಿ ಮಲಗುವ ಕೋಣೆಯ ಫ್ಯಾನಿನ ಕೆಳಗೆ ಒದ್ದೆ ಟವೆಲುಗಳನ್ನು ನೇತುಹಾಕಿ ಅದೇ ಆವಿಯಲ್ಲಿ ಮಲಗುವುದಕ್ಕಿಂತ ಇದು ಎಷ್ಟೋ ಮೇಲು. ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಹಲವು ನಿವಾಸಿಗಳ ಸಂಘಗಳು ಬಾಲ್ಕನಿಯಲ್ಲಿ ಬಟ್ಟೆ ಕಾಣಿಸಬಾರದೆಂದು ನಿಯಮ ಮಾಡಿವೆ, ಕಟ್ಟಡದ ಅಂದ ಕೆಡುತ್ತದಂತೆ. ಬಿಸಿಲು ಸಿಗುವ ಎಂಟು ತಿಂಗಳಲ್ಲಿ ಹಗ್ಗ ಕಟ್ಟಲು ಬಿಡಿ, ಮಳೆಗಾಲಕ್ಕೆ ಯುಟಿಲಿಟಿ ಮೂಲೆಯಲ್ಲಿ ಒಂದು ಪ್ಲಗ್ ಪಾಯಿಂಟು, ಒಂದು ಮೋರಿ, ಸಂದಿಯಿಲ್ಲದ ಒಂದು ಬಾಗಿಲು ಕೊಡಿಸಿ ಎಂದು ಆ ಸಂಘಗಳೇ ಬಿಲ್ಡರಿನ ಮುಂದೆ ಕೂರಬೇಕಿತ್ತು.