ಬೆನ್ನ ಮೇಲಿನ ಕತ್ತಿ

ನಮ್ಮ ಮಕ್ಕಳು ಆಡುವ ವಿಡಿಯೋ ಆಟಗಳಲ್ಲಿ ಅನೇಕ ವೀರರು ಖಡ್ಗವನ್ನು ಸೊಂಟಕ್ಕಲ್ಲ, ಬೆನ್ನಿಗೆ ಕಟ್ಟುತ್ತಾರೆ. ಪೋಲೆಂಡಿನಲ್ಲಿ ತಯಾರಾಗಿ 2015ರಲ್ಲಿ ಹೊರಬಂದ ‘ವಿಚರ್ 3’ರ ನಾಯಕ ಗೆರಾಲ್ಟನ ಬೆನ್ನ ಮೇಲಂತೂ ಎರಡು: ಮನುಷ್ಯರಿಗೆ ಉಕ್ಕಿನದು, ರಕ್ಕಸರಿಗೆ ಬೆಳ್ಳಿಯದು. ಮೂಲ ಕತೆಗಾರ ಸಪ್ಕೋವ್‌ಸ್ಕಿಯ ಗೆರಾಲ್ಟ್ ಬೆಳ್ಳಿಯದನ್ನು ಸಾಮಾನ್ಯವಾಗಿ ಕುದುರೆಯ ಮೇಲಿನ ಗಂಟಿನಲ್ಲಿಡುತ್ತಾನೆ. ಅದು ವಿವೇಕ. ತೋಳಿಗಿಂತ ಉದ್ದದ ಅಲಗನ್ನು ಬೆನ್ನ ಮೇಲಿನ ಒರೆಯಿಂದ ಹಿರಿಯುವುದೆಂತು? ಸಂಶಯವಿದ್ದವರು ಮೀಟರ್ ಕೋಲೊಂದನ್ನು ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡು ನೋಡಬಹುದು.

ಹಾಗಾದರೆ ಬೆನ್ನೇಕೆ? ಆಡುವವನು ನಾಯಕನನ್ನು ಕಾಣುವುದೇ ಹಿಂದಿನಿಂದ. ಅವನ ಪಾಲಿಗೆ ಬೆನ್ನೇ ಮುಖ. ಅಲ್ಲಿರುವುದು ಆಯುಧವಲ್ಲ, ಒಡವೆ.

ಜಪಾನಿನ ನಿಂಟೆಂಡೊ ಕಂಪನಿ 2017ರಲ್ಲಿ ತಂದ ‘ಬ್ರೆತ್ ಆಫ್ ದ ವೈಲ್ಡ್’ನ ಹುಡುಗ ಲಿಂಕ್ ಕೂಡ ಬೆನ್ನಿಗೇ ಕಟ್ಟುತ್ತಾನೆ. ಆದರೆ ಗುಡುಗು ಮಳೆಯಲ್ಲಿ ಅವನ ಲೋಹದ ಕತ್ತಿ ಕಿಡಿ ಕಾರತೊಡಗುತ್ತದೆ. ಕಳಚದಿದ್ದರೆ ಸಿಡಿಲು ಅವನಿಗೇ. ಜ್ವಾಲಾಮುಖಿಯ ಸಮೀಪ ಮರದ ಬಿಲ್ಲು ಬೆನ್ನ ಮೇಲೆಯೇ ಹೊತ್ತಿಕೊಳ್ಳುತ್ತದೆ. ಹೊತ್ತದ್ದಕ್ಕೆ ಬೆಲೆ ತೆರುವ ಈ ಹುಡುಗನ ಕತ್ತಿ ಗೆರಾಲ್ಟನ ಬೆಳ್ಳಿಗಿಂತ ನನಗೆ ನಿಜವೆನಿಸಿತು. ಅವನ ಕಾಣದ ಚೀಲದೊಳಗಿನ ಹತ್ತಾರು ಆಯುಧಗಳಿಗೆ ಮಾತ್ರ ಮಳೆಯೂ ಇಲ್ಲ, ಬೆಂಕಿಯೂ ಇಲ್ಲ!