‘ಕ್ಯಾಚ್ ಎ ಫೈರ್’: ಮೂರು ಕಂಠಗಳ ಹಾಡು, ಒಂದೇ ಮುಖದ ಹೊದಿಕೆ

ಬಾಬ್ ಮಾರ್ಲಿಯ ಮುಖವನ್ನು ನೋಡದವರು ಇಂದಿನ ಯುವಜನರಲ್ಲಿ ಕಡಿಮೆ. ಜಟೆಗಟ್ಟಿದ ಕೂದಲು, ಅರೆಮುಚ್ಚಿದ ಕಣ್ಣು, ತುಟಿಯ ಸುತ್ತ ಹೊಗೆ. ಟೀ ಶರ್ಟಿನ ಮೇಲೆ, ಬೈಕಿನ ಹಿಂಬದಿಯಲ್ಲಿ, ಹಾಸ್ಟೆಲ್ ಕೋಣೆಯ ಗೋಡೆಯಲ್ಲಿ ಆ ಮುಖ ಇರುತ್ತದೆ. ಆದರೆ ಆ ಮುಖವನ್ನು ಧರಿಸಿ ಓಡಾಡುವವರಲ್ಲಿ ಎಷ್ಟು ಮಂದಿ ಅವನ ಹಾಡನ್ನು ಗಮನವಿಟ್ಟು ಕೇಳಿದ್ದಾರೆ? ಅವನ ಪಕ್ಕದಲ್ಲಿ ನಿಂತು ಹಾಡುತ್ತಿದ್ದ ಇನ್ನಿಬ್ಬರ ಹೆಸರು ಎಷ್ಟು ಜನರಿಗೆ ಗೊತ್ತು? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಅರ್ಧ ಶತಮಾನದಷ್ಟು ಹಳೆಯ ಒಂದು ಆಲ್ಬಂ ಅನ್ನು ನಾವು ಮತ್ತೆ ಕೇಳಿದ್ದೇವೆ. ಅದರ ಹೆಸರು ‘ಕ್ಯಾಚ್ ಎ ಫೈರ್’. ಹಾಡಿದವರು ಜಮೈಕಾದ ‘ದಿ ವೇಯ್ಲರ್ಸ್’ ತಂಡದವರು. ಲಂಡನ್ನಿನ ಐಲ್ಯಾಂಡ್ ರೆಕಾರ್ಡ್ಸ್ ಅದನ್ನು ಬಿಡುಗಡೆ ಮಾಡಿದ್ದು 1973ರ ಏಪ್ರಿಲ್ 13ರಂದು.

ಈ ಆಲ್ಬಂ ಬಗ್ಗೆ ಒಂದು ಸಿದ್ಧ ತೀರ್ಪು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಕಿಂಗ್‌ಸ್ಟನ್ನಿನಲ್ಲಿ ಧ್ವನಿಮುದ್ರಣಗೊಂಡದ್ದು ಶುದ್ಧ ರೆಗ್ಗೆ, ಲಂಡನ್ನಿನಲ್ಲಿ ಬಿಳಿಯರ ಕಿವಿಗೆ ಹಿತವಾಗಲೆಂದು ಅದರ ಮೇಲೆ ರಾಕ್ ಸಂಗೀತದ ಬಣ್ಣ ಬಳಿಯಲಾಯಿತು ಎಂಬುದು ಆ ತೀರ್ಪು. 2001ರವರೆಗೆ ಇದನ್ನು ಪರೀಕ್ಷಿಸಿ ನೋಡಲು ಸಾಮಾನ್ಯ ಕೇಳುಗರಿಗೆ ಸುಲಭದ ದಾರಿ ಇರಲಿಲ್ಲ. ಆ ವರ್ಷ ಎರಡು ಡಿಸ್ಕ್‌ಗಳ ಆವೃತ್ತಿ ಹೊರಬಂತು. ಒಂದರಲ್ಲಿ ಕಿಂಗ್‌ಸ್ಟನ್ನಿನ ಮೂಲ ರೂಪದ 11 ಹಾಡುಗಳು, ಇನ್ನೊಂದರಲ್ಲಿ 1973ರಲ್ಲಿ ಮಾರುಕಟ್ಟೆಗೆ ಬಂದ 9 ಹಾಡುಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ ಆ ಸಿದ್ಧ ತೀರ್ಪು ಅರ್ಧ ಸತ್ಯವೆಂದು ನಮಗೆ ಅನಿಸಿತು.

ಮೊದಲು ಹಿನ್ನೆಲೆಯನ್ನು ಗಮನಿಸೋಣ. ಬಾಬ್ ಮಾರ್ಲಿ, ಪೀಟರ್ ಟಾಶ್, ಬನಿ ಲಿವಿಂಗ್‌ಸ್ಟನ್ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಎಂಬ ಬಡಾವಣೆಯಲ್ಲಿ 1963ರಲ್ಲಿ ತಂಡ ಕಟ್ಟಿದವರು. ಮರುವರ್ಷವೇ ಜಮೈಕಾದಲ್ಲಿ ಅವರ ಹಾಡು ಮನೆಮಾತಾಯಿತು. ಆದರೆ ಹೆಸರು ಬಂದಷ್ಟು ಹಣ ಬರಲಿಲ್ಲ. 1972ರಲ್ಲಿ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬಂದು, ಕೈಯಲ್ಲಿ ಕಾಸಿಲ್ಲದೆ ಪರದಾಡುತ್ತಿದ್ದಾಗ ಐಲ್ಯಾಂಡ್ ಸಂಸ್ಥೆಯ ಮಾಲೀಕ ಕ್ರಿಸ್ ಬ್ಲ್ಯಾಕ್‌ವೆಲ್ ಅವರನ್ನು ಕಂಡರು. ಬ್ಲ್ಯಾಕ್‌ವೆಲ್ ಜಮೈಕಾದಲ್ಲೇ ಬೆಳೆದ ಬಿಳಿಯ. ಮುಂದೆ ಯೂಸುಫ್ ಇಸ್ಲಾಂ ಆದ ಕ್ಯಾಟ್ ಸ್ಟೀವನ್ಸ್‌ರಂತಹ ಗಾಯಕರೂ ಆಗ ಅವರ ಸಂಸ್ಥೆಯಲ್ಲಿದ್ದರು. ಅವರು ವೇಯ್ಲರ್ಸ್‌ಗೆ 4,000 ಪೌಂಡ್ ಮುಂಗಡ ಕೊಟ್ಟು, ಊರಿಗೆ ಹೋಗಿ ಒಂದು ಆಲ್ಬಂ ಮಾಡಿಕೊಂಡು ಬನ್ನಿ ಎಂದರು. ಆಗ ಜಮೈಕಾದ ವ್ಯಾಪಾರ ನಡೆಯುತ್ತಿದ್ದದ್ದು ಬಿಡಿ ಹಾಡುಗಳ ಮೇಲೆ. ಮೊದಲಿನಿಂದ ಕೊನೆಯವರೆಗೆ ಒಂದೇ ಕೃತಿಯಂತೆ ಕೇಳುವ ಆಲ್ಬಂ ಅಲ್ಲಿ ಅಪರೂಪದ ಸಂಗತಿಯಾಗಿತ್ತು.

ಕಿಂಗ್‌ಸ್ಟನ್ನಿನ ಸ್ಟುಡಿಯೋಗಳಲ್ಲಿ ಮುದ್ರಿಸಿದ ಟೇಪುಗಳನ್ನು ಮಾರ್ಲಿ ಲಂಡನ್ನಿಗೆ ತಂದರು. ಅಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ವೇಯ್ನ್ ಪರ್ಕಿನ್ಸ್ ಎಂಬ ಯುವಕ ಗಿಟಾರ್ ಸೇರಿಸಿದ. ಜಾನ್ ಬಂಡ್ರಿಕ್ ಎಂಬುವರು ಕೀಬೋರ್ಡ್ ವಾದ್ಯಗಳನ್ನು ಸೇರಿಸಿದರು. ಕೆಲವು ಹಾಡುಗಳನ್ನು ಹಿಗ್ಗಿಸಲಾಯಿತು, ಎರಡು ಹಾಡುಗಳನ್ನು ಕೈಬಿಡಲಾಯಿತು.

ಕಿಂಗ್‌ಸ್ಟನ್ ರೂಪದ ಬಲ ಇರುವುದು ಅದರ ಖಾಲಿ ಜಾಗಗಳಲ್ಲಿ. ನಮ್ಮ ಹಿಂದೂಸ್ತಾನಿ ಸಂಗೀತದಲ್ಲಿ ತಾಳದ ಮೊದಲ ಪೆಟ್ಟು, ಅಂದರೆ ‘ಸಮ್’, ಎಲ್ಲರೂ ಬಂದು ಸೇರುವ ಜಾಗ. ರೆಗ್ಗೆಯ ‘ಒನ್ ಡ್ರಾಪ್’ ಎಂಬ ಲಯದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಲ್ಕು ಎಣಿಕೆಯ ಮೊದಲ ಪೆಟ್ಟನ್ನು ಡ್ರಮ್ ಖಾಲಿ ಬಿಟ್ಟು ಮೂರನೆಯದಕ್ಕೆ ಬಲವಾಗಿ ಹೊಡೆಯುತ್ತದೆ. ಕಾರ್ಲ್‌ಟನ್ ಬ್ಯಾರೆಟ್ ಈ ಲಯದ ದೊಡ್ಡ ವಾದಕ. ಅವರ ಅಣ್ಣ ಆಸ್ಟನ್ ಬ್ಯಾರೆಟ್ ನುಡಿಸುವ ಬೇಸ್ ಗಿಟಾರ್ ಹಿನ್ನೆಲೆಯಲ್ಲಿ ಗುಂಯ್ಗುಡುವ ವಾದ್ಯವಲ್ಲ, ಹಾಡಿನ ನಿಜವಾದ ರಾಗವನ್ನು ಅದೇ ಹೇಳುತ್ತದೆ. ಗಿಟಾರು ಎಡೆಯ ಪೆಟ್ಟುಗಳಲ್ಲಿ ಚಕ್ ಚಕ್ ಎಂದು ಸೌದೆ ಕಡಿದಂತೆ ಸದ್ದು ಮಾಡಿ ಸುಮ್ಮನಾಗುತ್ತದೆ. ಇವುಗಳ ನಡುವಿನ ಮೌನದಲ್ಲಿ ಮೂರು ಕಂಠಗಳು ನಿಲ್ಲುತ್ತವೆ. ಮಾರ್ಲಿಯದು ಒರಟು, ಟಾಶ್‌ರದು ಗಂಭೀರ, ಬನಿಯದು ಎತ್ತರದ ತೆಳು ದನಿ. ಕಿಂಗ್‌ಸ್ಟನ್ ರೂಪದಲ್ಲಿ ಈ ಮೂವರು ನಮ್ಮೆದುರೇ ಕುಳಿತು ಹಾಡಿದಂತೆ ಕೇಳಿಸುತ್ತದೆ.

ಲಂಡನ್ ರೂಪದಲ್ಲಿ ಆ ಖಾಲಿ ಜಾಗ ಸ್ವಲ್ಪ ತುಂಬಿದೆ, ನಿಜ. ‘ಸ್ಟರ್ ಇಟ್ ಅಪ್’ ಹಾಡಿನಲ್ಲಿ ಸೇರಿದ ಕೀಬೋರ್ಡ್ ಸದ್ದು ಇಂದು ಹಳತೆನಿಸುತ್ತದೆ, ಅದಿಲ್ಲದ ಕಿಂಗ್‌ಸ್ಟನ್ ರೂಪವೇ ಹೆಚ್ಚು ಆಪ್ತ. ಆದರೆ ಮೊದಲ ಹಾಡು ‘ಕಾಂಕ್ರೀಟ್ ಜಂಗಲ್’ನ ಮಾತೇ ಬೇರೆ. ಕಾಲಿಗೆ ಸಂಕೋಲೆ ಇಲ್ಲದಿದ್ದರೂ ಬಿಡುಗಡೆ ಕಾಣದ ಕೊಳೆಗೇರಿಯ ಮನುಷ್ಯನೊಬ್ಬನ ಹಾಡು ಅದು. ರೆಗ್ಗೆಯ ಪರಿಚಯವೇ ಇಲ್ಲದೆ ಸ್ಟುಡಿಯೋಗೆ ಬಂದ ಪರ್ಕಿನ್ಸ್ ಆ ಹಾಡಿನ ನಡುವೆ ಗಿಟಾರಿನ ಒಂದು ಸ್ವರವನ್ನು ಉಸಿರು ಕಟ್ಟುವಷ್ಟು ಹೊತ್ತು ಎಳೆದು ಹಿಡಿಯುತ್ತಾನೆ. ಅದು ಹಾಡಿಗೆ ಹಚ್ಚಿದ ಅಲಂಕಾರದಂತೆ ಕೇಳುವುದಿಲ್ಲ, ಹಾಡುವವನ ಗಂಟಲಲ್ಲಿ ಸಿಕ್ಕಿಕೊಂಡ ಕೂಗಿನಂತೆ ಕೇಳುತ್ತದೆ. ಹೊರಗಿನವನೊಬ್ಬ ಒಳಗಿನ ನೋವನ್ನು ಅರ್ಥ ಮಾಡಿಕೊಂಡ ಗಳಿಗೆ ಅದು ಎಂದು ನಮ್ಮ ಅನಿಸಿಕೆ. ಅಂದಹಾಗೆ, ಒಂಬತ್ತು ಹಾಡುಗಳಲ್ಲಿ ಪರ್ಕಿನ್ಸ್ ಗಿಟಾರ್ ಇರುವುದು ಮೂರರಲ್ಲಿ ಮಾತ್ರ. ಇಡೀ ಆಲ್ಬಂ ರಾಕ್ ಆಗಿಬಿಟ್ಟಿತು ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಇನ್ನು ‘ಮೂಲ’ ಎಂಬ ಮಾತನ್ನೂ ಸ್ವಲ್ಪ ಎಚ್ಚರದಿಂದ ಬಳಸಬೇಕು. ‘ಸ್ಟರ್ ಇಟ್ ಅಪ್’ ಅನ್ನು ವೇಯ್ಲರ್ಸ್ 1967ರಲ್ಲೇ ಹಾಡಿದ್ದರು. ಅಮೆರಿಕದ ಜಾನಿ ನ್ಯಾಶ್ 1972ರಲ್ಲಿ ಅದೇ ಹಾಡಿನಿಂದ ಯಶಸ್ಸು ಪಡೆದರು. ಟಾಶ್ ಬರೆದ ‘400 ಇಯರ್ಸ್’ 1970ರ ‘ಸೋಲ್ ರೆಬೆಲ್ಸ್’ ಆಲ್ಬಂನಲ್ಲಿತ್ತು. ಅವರದೇ ‘ಸ್ಟಾಪ್ ದಟ್ ಟ್ರೇನ್’ ಕೂಡ ಹಿಂದೆ ಧ್ವನಿಮುದ್ರಣ ಕಂಡಿತ್ತು. ಹಾಗಾಗಿ ಕಿಂಗ್‌ಸ್ಟನ್ನಿನ ಟೇಪು ಕೂಡ ಹಳೆಯ ಹಾಡುಗಳ ಮರುಹುಟ್ಟೇ ಆಗಿತ್ತು. ವೇಯ್ಲರ್ಸ್ ತಮ್ಮ ಹಾಡನ್ನು ಆ ಕಾಲಕ್ಕೆ, ಆ ಕೇಳುಗರಿಗೆ ತಕ್ಕಂತೆ ಮತ್ತೆ ಮತ್ತೆ ಕಟ್ಟಿದವರು. ಲಂಡನ್ನಿಗೆ ಟೇಪು ಹೊತ್ತು ತಂದವರು, ಅಲ್ಲಿ ಕುಳಿತು ಕೆಲಸ ನೋಡಿಕೊಂಡವರು ಸ್ವತಃ ಮಾರ್ಲಿ. ಅವರನ್ನು ಏನೂ ಅರಿಯದ ಮುಗ್ಧರೆಂದು ಬಗೆಯುವುದು ಗೌರವವಲ್ಲ.

ಕನ್ನಡದಲ್ಲಿ ಕತೆ ಬರೆಯುವ ನಮ್ಮಂತಹವರಿಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ ಪಾತ್ರಗಳನ್ನು ಕನ್ನಡದ ಕತೆಗೆ ತರುವಾಗ ಯಾವ ಮಾತನ್ನು ಹಾಗೆಯೇ ಬಿಡಬೇಕು, ಯಾವುದನ್ನು ಬಿಡಿಸಿ ಹೇಳಬೇಕು ಎಂದು ಪ್ರತಿ ಸಾಲಿನಲ್ಲೂ ನಿರ್ಧರಿಸಬೇಕಾಗುತ್ತದೆ. ಓದುಗನ ಕಡೆಗೆ ಎರಡು ಹೆಜ್ಜೆ ಇಡುವುದು ಶರಣಾಗತಿಯಲ್ಲ. ಹೇಳಬೇಕಾದ ಮಾತನ್ನೇ ದಾರಿಯಲ್ಲಿ ಬಿಟ್ಟು ಹೋದರೆ ಮಾತ್ರ ಅದು ಶರಣಾಗತಿ.

ಈ ಅಳತೆಗೋಲಿನಿಂದ ನೋಡಿದರೆ ಲಂಡನ್ ರೂಪ ಹೇಳಬೇಕಾದದ್ದನ್ನು ಬಿಟ್ಟಿಲ್ಲ. ಹಾಡುಗಳ ಅನುಕ್ರಮವನ್ನೇ ನೋಡಿ. 2001ರ ಆವೃತ್ತಿಯ ಕಿಂಗ್‌ಸ್ಟನ್ ಡಿಸ್ಕ್‌ನಲ್ಲಿ ಎರಡನೆಯದಾಗಿ ಬರುವುದು ಪ್ರೇಮಗೀತೆಯಾದ ‘ಸ್ಟರ್ ಇಟ್ ಅಪ್’, ‘ಸ್ಲೇವ್ ಡ್ರೈವರ್’ ಬರುವುದು ಒಂಬತ್ತನೆಯದಾಗಿ. 1973ರಲ್ಲಿ ಬಿಡುಗಡೆಯಾದ ತಟ್ಟೆಯಲ್ಲಿ ‘ಕಾಂಕ್ರೀಟ್ ಜಂಗಲ್’ ಮುಗಿಯುತ್ತಿದ್ದಂತೆ ‘ಸ್ಲೇವ್ ಡ್ರೈವರ್’, ಅದರ ಬೆನ್ನಿಗೇ ‘400 ಇಯರ್ಸ್’. ಕೊಳೆಗೇರಿಯಿಂದ ಗುಲಾಮರ ಹಡಗಿಗೆ, ಅಲ್ಲಿಂದ ಶತಮಾನಗಳ ಲೆಕ್ಕಕ್ಕೆ ಕೇಳುಗನನ್ನು ಕೈಹಿಡಿದು ಕರೆದೊಯ್ಯುವ ಕ್ರಮವಿದು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1834ರಲ್ಲಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಆ ಹಣ ಹೋದದ್ದು ಮಾಲೀಕರಿಗೆ. ಗುಲಾಮರಾಗಿದ್ದವರಿಗೆ ಒಂದು ಕಾಸೂ ಸಿಗಲಿಲ್ಲ, ಪೂರ್ತಿ ಬಿಡುಗಡೆಗೆ ಅವರು 1838ರವರೆಗೆ ಕಾಯಬೇಕಾಯಿತು. ಈ ಇತಿಹಾಸ ಗೊತ್ತಿದ್ದು ಆ ಮೂರು ಹಾಡುಗಳನ್ನು ಕೇಳಿದರೆ ಅವು ಸಾಲ ವಸೂಲಿಗೆ ಬಂದವರ ದನಿಯಂತೆ ಕೇಳುತ್ತವೆ. ಅದನ್ನು ಲಂಡನ್ನಿನ ಕಂಪನಿಯೇ ಲಂಡನ್ನಿನ ಅಂಗಡಿಯಲ್ಲಿ ಮಾರಿತು ಎಂಬುದು ವಿಚಿತ್ರವಾದರೂ ನಿಜ.

ದೋಷಗಳೇ ಇಲ್ಲವೆಂದಲ್ಲ. ‘ಬೇಬಿ ವೀ ಹ್ಯಾವ್ ಗಾಟ್ ಎ ಡೇಟ್’, ‘ಕಿಂಕಿ ರೆಗ್ಗೆ’ ಹಗುರ ಹಾಡುಗಳು, ಉಳಿದವುಗಳ ತೂಕಕ್ಕೆ ಬರುವುದಿಲ್ಲ. ಲಂಡನ್ನಿನಲ್ಲಿ ಕೈಬಿಟ್ಟ ‘ಹೈ ಟೈಡ್ ಆರ್ ಲೋ ಟೈಡ್’ ಎಂಬ ಶಾಂತವಾದ ಹಾಡನ್ನು ಇವುಗಳಲ್ಲೊಂದರ ಬದಲಿಗೆ ಉಳಿಸಿಕೊಂಡಿದ್ದರೆ ಆಲ್ಬಂನ ಮೌಲ್ಯ ಹೆಚ್ಚುತ್ತಿತ್ತು.

ಹಾಗಾದರೆ ಈ ಕೃತಿಗೆ ನಿಜವಾದ ಅನ್ಯಾಯ ಎಲ್ಲಿ ಆಯಿತು? ನಮ್ಮ ಪ್ರಕಾರ ಗಿಟಾರಿನಲ್ಲಿ ಅಲ್ಲ, ಹೊದಿಕೆಯಲ್ಲಿ. 1973ರ ಮೊದಲ ಹೊದಿಕೆ ಜಿಪ್ಪೋ ಲೈಟರಿನ ಆಕಾರದ್ದು. ಮುಚ್ಚಳ ತೆರೆದರೆ ಒಳಗೆ ಬೆಂಕಿಯ ಚಿತ್ರ. ಅದರ ಮೇಲೆ ಯಾರ ಮುಖವೂ ಇರಲಿಲ್ಲ, ತಂಡದ ಹೆಸರು ‘ದಿ ವೇಯ್ಲರ್ಸ್’ ಎಂದಷ್ಟೇ ಇತ್ತು. ಆದರೆ ಆ ಹೊದಿಕೆ ತಯಾರಿಸುವ ಕೆಲಸ ದುಬಾರಿಯಾಗಿತ್ತು, ಮೊದಲ ಮುದ್ರಣದ ನಂತರ ಅದನ್ನು ನಿಲ್ಲಿಸಿದರು. ಬದಲಿಗೆ ಬಂದದ್ದು ಗಾಂಜಾ ಸೇದುತ್ತಿರುವ ಮಾರ್ಲಿಯ ದೊಡ್ಡ ಛಾಯಾಚಿತ್ರ. ತಂಡದ ಹೆಸರೂ ‘ಬಾಬ್ ಮಾರ್ಲಿ ಅಂಡ್ ದಿ ವೇಯ್ಲರ್ಸ್’ ಎಂದಾಯಿತು. ‘ಗಾಂಜಾ’ ಎಂಬ ಪದವೇ ಜಮೈಕಾಕ್ಕೆ ಹೋದದ್ದು 1845ರಿಂದ ಅಲ್ಲಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಒಯ್ದ ಭಾರತೀಯ ಕೂಲಿಗಳ ಜೊತೆ. ಮಾರ್ಲಿ ಒಪ್ಪಿಕೊಂಡಿದ್ದ ರಾಸ್ತಫಾರಿ ಪಂಥದಲ್ಲಿ ಅದಕ್ಕೆ ಧಾರ್ಮಿಕ ಅರ್ಥವಿತ್ತು. ಆ ನಂಬಿಕೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ಮಾರುಕಟ್ಟೆ ನಂಬಿಕೆಯನ್ನೂ ಬಿಟ್ಟಿತು, ಸಿಟ್ಟನ್ನೂ ಬಿಟ್ಟಿತು, ಹೊಗೆಯನ್ನು ಮಾತ್ರ ಉಳಿಸಿಕೊಂಡಿತು.

ಮುಂದಿನದು ಈ ದಾರಿಯಲ್ಲೇ ನಡೆಯಿತು. ಅದೇ ವರ್ಷ ಬಂದ ‘ಬರ್ನಿನ್’ ಆಲ್ಬಂನ ನಂತರ, 1974ರ ಹೊತ್ತಿಗೆ ಟಾಶ್ ಮತ್ತು ಬನಿ ತಂಡ ಬಿಟ್ಟಿದ್ದರು. ಮಾರ್ಲಿ 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1984ರಲ್ಲಿ ‘ಲೆಜೆಂಡ್’ ಎಂಬ ಸಂಕಲನ ಬಂತು. ಜಗತ್ತಿನಾದ್ಯಂತ ಎರಡೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆ ಸಂಕಲನದ 14 ಹಾಡುಗಳಲ್ಲಿ ‘ಕ್ಯಾಚ್ ಎ ಫೈರ್’ನಿಂದ ಆರಿಸಿದ್ದು ಒಂದೇ ಒಂದು, ಅದೂ ‘ಸ್ಟರ್ ಇಟ್ ಅಪ್’. ‘ಗೆಟ್ ಅಪ್ ಸ್ಟ್ಯಾಂಡ್ ಅಪ್’, ‘ರಿಡೆಂಪ್ಷನ್ ಸಾಂಗ್’ ಅದರಲ್ಲಿವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಅದನ್ನು ಕೇಳಿ ಮಾರ್ಲಿಯನ್ನು ಅರಿತೆವು ಎಂದುಕೊಂಡ ಕೋಟ್ಯಂತರ ಜನರಿಗೆ ‘ಸ್ಲೇವ್ ಡ್ರೈವರ್’ ಎಂಬ ಹಾಡು ಇದೆಯೆಂದೇ ಗೊತ್ತಾಗಲಿಲ್ಲ.

ಉಳಿದವರ ಗತಿ ಏನಾಯಿತು? ಪೀಟರ್ ಟಾಶ್ ಮತ್ತು ಕಾರ್ಲ್‌ಟನ್ ಬ್ಯಾರೆಟ್ ಇಬ್ಬರೂ 1987ರಲ್ಲಿ ಜಮೈಕಾದಲ್ಲಿ ಗುಂಡಿಗೆ ಬಲಿಯಾದರು. ಬನಿ 2021ರಲ್ಲಿ ತೀರಿಕೊಂಡರು. ರೆಗ್ಗೆಯ ಬೆನ್ನೆಲುಬಾಗಿದ್ದ ಆಸ್ಟನ್ ಬ್ಯಾರೆಟ್ ತಮಗೆ ಸಲ್ಲಬೇಕಾದ ಗೌರವಧನಕ್ಕಾಗಿ ಲಂಡನ್ನಿನ ಹೈಕೋರ್ಟಿಗೆ ಹೋಗಿ 2006ರಲ್ಲಿ ಸೋತರು. 2024ರಲ್ಲಿ ಅವರೂ ಹೋದರು. ಹಿಂದೆ ಮಾಡಿಕೊಂಡಿದ್ದ ಒಪ್ಪಂದವನ್ನು ನೋಡಿ ನ್ಯಾಯಾಲಯ ತೀರ್ಪು ಕೊಟ್ಟಿತು, ಕಾನೂನಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಆ ಬೇಸ್ ಗಿಟಾರನ್ನು ತೆಗೆದುಬಿಟ್ಟರೆ ಹಾಡಿನಲ್ಲಿ ಏನು ಉಳಿಯುತ್ತದೆ ಎಂಬುದನ್ನು ಯಾವ ಒಪ್ಪಂದವೂ ಹೇಳುವುದಿಲ್ಲ.

ಹಳೆಯ ಕೃತಿಯನ್ನು ಮರುಮೌಲ್ಯಮಾಪನ ಮಾಡುವುದೆಂದರೆ ಅದಕ್ಕೆ ಹೊಸದಾಗಿ ಅಂಕ ಕೊಡುವುದಲ್ಲ, ಅದರಲ್ಲಿ ದುಡಿದವರ ಹೆಸರುಗಳನ್ನು ಮತ್ತೊಮ್ಮೆ ಓದುವುದು. ಇಂದು ಎರಡೂ ರೂಪಗಳು ಮೊಬೈಲಿನಲ್ಲೇ ಸಿಗುತ್ತವೆ. ಆಸಕ್ತರು ‘ಸ್ಲೇವ್ ಡ್ರೈವರ್’ ಅನ್ನು ಮೊದಲು ಕಿಂಗ್‌ಸ್ಟನ್ ರೂಪದಲ್ಲಿ, ಆಮೇಲೆ ಲಂಡನ್ ರೂಪದಲ್ಲಿ ಕೇಳಲಿ. ನಂತರ ಟಾಶ್ ಹಾಡಿದ ‘400 ಇಯರ್ಸ್’ ಕೇಳಲಿ. ಮಾರ್ಲಿಯ ದನಿ ಅಲ್ಲಿ ಮುಂದಿಲ್ಲ, ಗೆಳೆಯನ ಹಿಂದೆ ನಿಂತು ಅವನು ದನಿಗೂಡಿಸುತ್ತಾನೆ. ಟೀ ಶರ್ಟಿನ ಮೇಲೆ ಎಂದೂ ಕಾಣಸಿಗದ ಮಾರ್ಲಿ ಅವನು.